ಯಾವ ಬಳ್ಳದಿಂದ ಅಳೆಯೋಣ?

ಮಿಖಾಯಿಲ್ ಗೊರ್ಬಚೇವರ ಸಾವು, ಅವರ ಹೆಸರಿನ ಸುತ್ತ ಮುಗಿಯದ ವ್ಯಾಜ್ಯ

ಶರಣರ ಗುಣವನ್ನು ಮರಣದಲ್ಲಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಸತ್ಪುರುಷನ ಬಾಳಿನ ಬೆಲೆ ಅವನು ಪ್ರಾಣಬಿಡುವ ರೀತಿಯಲ್ಲಿ ತೋರಿಬರುವುದೆಂಬುದು ಆ ಗಾದೆಯ ನೇರವಾದ ಅರ್ಥ. ಆದರೆ ರಾಷ್ಟ್ರವೊಂದರ ಗತಿಯನ್ನೇ ತಿರುಗಿಸಿದ ನಾಯಕರ ವಿಷಯದಲ್ಲಿ ಅದಕ್ಕೆ ಮತ್ತೊಂದು ಅರ್ಥವೂ ಸಲ್ಲುವುದುಂಟು. ಅಂಥವರ ಮರಣದಲ್ಲಿ ಅವರ ಗುಣದೊಡನೆ ಅವರು ಬಿಟ್ಟುಹೋದ ಜನದ ಗುಣವೂ, ಅವರ ಪೀಠದಲ್ಲಿ ಬಂದು ಕುಳಿತವರ ಗುಣವೂ ಬಯಲಿಗೆ ಬರುತ್ತವೆ. ಯಾರು ಬಂದು ತಲೆಬಾಗಿದರು, ಯಾರು ಬಾರದೆ ಉಳಿದರು, ಯಾರು ಮರುಗಿದರು, ಯಾರು ತಮ್ಮ ಹಳೆಯ ಗಾಯವನ್ನು ಮತ್ತೆ ಮುಟ್ಟಿ ನೋಡಿಕೊಂಡರು ಎಂಬುದನ್ನು ನಿಧಾನವಾಗಿ ಗಮನಿಸಿದರೆ ಒಂದು ಕಾಲದ ಅಂತರಂಗವೇ ನಮಗೆ ಗೋಚರವಾದೀತು.

2022ರ ಆಗಸ್ಟ್ 30ರಂದು ಮಾಸ್ಕೋ ನಗರದ ಆಸ್ಪತ್ರೆಯೊಂದರಲ್ಲಿ, ತಮ್ಮ ತೊಂಬತ್ತೊಂದನೆಯ ವಯಸ್ಸಿನಲ್ಲಿ, ಸೋವಿಯತ್ ಒಕ್ಕೂಟದ ಕೊನೆಯ ಅಧಿನಾಯಕರಾದ ಮಿಖಾಯಿಲ್ ಸೆರ್ಗೆಯೆವಿಚ್ ಗೊರ್ಬಚೇವರು ತೀರಿಕೊಂಡರು. ಸೆಪ್ಟೆಂಬರ್ 3ರ ಶನಿವಾರ ಅವರ ಪಾರ್ಥಿವ ಶರೀರವನ್ನು ಸಾರ್ವಜನಿಕರ ದರ್ಶನಕ್ಕಾಗಿ ಇರಿಸಿದುದು ಒಕ್ಕೂಟಗಳ ಭವನದ ಕಂಬಗಳ ಸಭಾಂಗಣದಲ್ಲಿ. ಲೆನಿನ್, ಸ್ಟಾಲಿನ್, ಬ್ರೆಜ್ನೇವ್ ಇವರ ದೇಹಗಳೂ ಒಂದೊಂದು ಕಾಲದಲ್ಲಿ ಅದೇ ಬಿಳಿಯ ಕಂಬಗಳ ನಡುವೆ ಇದ್ದುವು. 1953ರ ಮಾರ್ಚಿಯಲ್ಲಿ ಸ್ಟಾಲಿನ್ ಸತ್ತಾಗ, ಹಳ್ಳಿಯಿಂದ ಬಂದು ಮಾಸ್ಕೋ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರ ಓದುತ್ತಿದ್ದ ಇಪ್ಪತ್ತೆರಡರ ತರುಣ ಗೊರ್ಬಚೇವ್ ತನ್ನ ಸಹಪಾಠಿಗಳೊಡನೆ ಸರದಿಯಲ್ಲಿ ನಿಂತು, ತಾನು ಅದುವರೆಗೆ ಚಿತ್ರಗಳಲ್ಲಿ ಮಾತ್ರ ಕಂಡಿದ್ದ ಆ ಮುಖವನ್ನು ಹತ್ತಿರದಿಂದ ನೋಡಿದುದೂ ಅಲ್ಲಿಯೆ. ಅರುವತ್ತೊಂಬತ್ತು ವರ್ಷಗಳ ತರುವಾಯ ಸಾವಿರಾರು ಜನ, ಕೈಯಲ್ಲಿ ಹೂ ಹಿಡಿದು, ಸದ್ದಿಲ್ಲದೆ, ಅವರನ್ನು ನೋಡಲು ಅದೇ ಬಾಗಿಲಿನ ಮುಂದೆ ಸಾಲುಗಟ್ಟಿದರು.

ಆ ಸಾಲಿನಲ್ಲಾಗಲಿ, ಸಭಾಂಗಣದಲ್ಲಾಗಲಿ, ರಷ್ಯದ ಅಧ್ಯಕ್ಷರಾದ ವ್ಲಾದಿಮಿರ್ ಪುಟಿನ್ ಇರಲಿಲ್ಲ. ಎರಡು ದಿನ ಮೊದಲೇ ಆಸ್ಪತ್ರೆಗೆ ಹೋಗಿ, ಶವಪೆಟ್ಟಿಗೆಯ ಬಳಿ ಕೆಂಪು ಗುಲಾಬಿಗಳನ್ನು ಇಟ್ಟು ಬಂದಿದ್ದ ಅವರಿಗೆ ಅಂತ್ಯಕ್ರಿಯೆಯ ದಿನ ಕಾರ್ಯಬಾಹುಳ್ಯದಿಂದ ಬಿಡುವಿಲ್ಲವೆಂದು ಅವರ ವಕ್ತಾರರು ತಿಳಿಸಿದರು. ಗೌರವಪಹರೆ ಇದ್ದಿತು, ಆದರೆ ಅದನ್ನು ಪೂರ್ಣ ರಾಜಮರ್ಯಾದೆಯ ಅಂತ್ಯಕ್ರಿಯೆಯೆಂದು ಸರಕಾರ ಕರೆಯಲಿಲ್ಲ. ಸ್ವದೇಶದ ಸರಕಾರ ಅರೆಮನಸ್ಸಿನಿಂದ ಬೀಳ್ಕೊಟ್ಟ ಈ ಮನುಷ್ಯನಿಗೆ ಜರ್ಮನಿಯ ಜನ ಕೃತಜ್ಞತೆಯ ಕಣ್ಣೀರಿಟ್ಟರು. ಲಿಥುವೇನಿಯದವರು ಆ ಕಣ್ಣೀರಿನಲ್ಲಿ ಪಾಲುಗೊಳ್ಳಲು ನಿರಾಕರಿಸಿದರು. ಬೀಜಿಂಗಿನಲ್ಲಿ ಅವರ ಹೆಸರು ಎಂದಿನಂತೆ ಎಚ್ಚರಿಕೆಯ ಪಾಠವಾಗಿಯೆ ಉಳಿಯಿತು. ಒಂದೇ ಕಣದ ರಾಶಿಯನ್ನು ನಾಲ್ಕು ಮನೆಯವರು ನಾಲ್ಕು ಬಳ್ಳಗಳನ್ನು ತಂದು ಅಳೆದರೆ ಲೆಕ್ಕ ಕೂಡುವುದೆಂತು? ಗೊರ್ಬಚೇವರ ಬಾಳಿನ ರಾಶಿಯ ಮುಂದೆ ಇಂದಿಗೂ ನಡೆದಿರುವುದು ಈ ವ್ಯಾಜ್ಯವೆ.

ನಮಗೂ ಅವರಿಗೂ

ಇದು ದೂರದೇಶದ ಸಂಗತಿಯೆಂದು ಕನ್ನಡದ ವಾಚಕರು ಭಾವಿಸಬೇಕಾಗಿಲ್ಲ. ಸೋವಿಯತ್ ದೇಶದ ನುಣುಪಾದ ಬಣ್ಣಬಣ್ಣದ ಪತ್ರಿಕೆಗಳ ಹಾಳೆಗಳಿಂದ ಶಾಲೆಯ ಪುಸ್ತಕಗಳಿಗೆ ಬೈಂಡು ಹಾಕಿಕೊಂಡು ಬೆಳೆದ ಪೀಳಿಗೆ ನಮ್ಮಲ್ಲಿ ಇನ್ನೂ ಇದೆ. ನವಕರ್ನಾಟಕ ಪ್ರಕಾಶನದ ಮಳಿಗೆಯಲ್ಲಿ ಕೆಲವೇ ರೂಪಾಯಿಗೆ ದೊರೆಯುತ್ತಿದ್ದ ಗಟ್ಟಿ ರಟ್ಟಿನ ರಷ್ಯನ್ ಕತೆಗಳನ್ನೂ ವಿಜ್ಞಾನದ ಪುಸ್ತಕಗಳನ್ನೂ ಓದಿ, ಗೋಧಿಯ ಹೊಲಗಳೂ ಹಿಮದ ಬಯಲುಗಳೂ ಉಳ್ಳ ಆ ನಾಡನ್ನು ಮನಸ್ಸಿನಲ್ಲಿ ಕಟ್ಟಿಕೊಂಡವರು ಅನೇಕರು. ಅಂಥವರಿಗೆ ಎಂಬತ್ತರ ದಶಕದ ನಡುವೆ ವೃತ್ತಪತ್ರಿಕೆಗಳಲ್ಲಿ ಪೆರೆಸ್ತ್ರೋಯಿಕಾ, ಗ್ಲಾಸ್‌ನಾಸ್ತ್ ಎಂಬ ಎರಡು ಹೊಸ ಶಬ್ದಗಳು ಕಾಣಿಸಿಕೊಂಡುದು ನೆನಪಿದ್ದೀತು. ಮೊದಲನೆಯದಕ್ಕೆ ಪುನಾರಚನೆಯೆಂದು ಅರ್ಥ. ಎರಡನೆಯದರ ಮೂಲದಲ್ಲಿರುವುದು ದನಿ ಎಂಬರ್ಥದ ಪದ. ಅಡಗಿಸಿ ಇಟ್ಟುದಕ್ಕೆ ದನಿಗೊಡುವುದು, ನಾಲ್ಕು ಜನ ಕೇಳುವಂತೆ ಆಡುವುದು ಎಂದು ಅದನ್ನು ಬಿಡಿಸಿ ಹೇಳಬಹುದು. 1986ರ ನವೆಂಬರಿನಲ್ಲಿ ಗೊರ್ಬಚೇವರು ದಿಲ್ಲಿಗೆ ಬಂದು, 27ರಂದು ಪ್ರಧಾನಿ ರಾಜೀವ್ ಗಾಂಧಿಯವರೊಡನೆ ಅಣ್ವಸ್ತ್ರರಹಿತವೂ ಅಹಿಂಸಾತ್ಮಕವೂ ಆದ ಜಗತ್ತನ್ನು ಕುರಿತ ದಿಲ್ಲಿ ಘೋಷಣೆಗೆ ಸಹಿಮಾಡಿದರು. ಸೇನಾಬಲದಿಂದಲೇ ನಿಂತಿದ್ದ ಮಹಾಸಾಮ್ರಾಜ್ಯವೊಂದರ ಒಡೆಯನು ಅಹಿಂಸೆಯೆಂಬ ಪದದ ಕೆಳಗೆ ತನ್ನ ಹೆಸರು ಬರೆದುದನ್ನು ಅಂದು ಬರಿಯ ಉಪಚಾರವೆಂದು ತಿಳಿದವರು ಬಹುಮಂದಿ. ಮುಂದಿನ ಐದು ವರ್ಷಗಳು ಆ ಸಹಿಯನ್ನು ಬೆಂಕಿಗೆ ಹಿಡಿದು ಪರೀಕ್ಷಿಸಿದುವು.

ಮೌನದ ಮನೆ

ದಕ್ಷಿಣ ರಷ್ಯದ ಸ್ತಾವ್ರೊಪೋಲ್ ಪ್ರಾಂತದ ಪ್ರಿವೋಲ್ನೊಯೆ ಎಂಬ ಹಳ್ಳಿಯಲ್ಲಿ, 1931ರ ಮಾರ್ಚಿ 2ರಂದು, ರೈತರ ಮನೆಯಲ್ಲಿ ಅವರು ಹುಟ್ಟಿದರು. ಕೂಸಿಗೆ ಎರಡು ವರ್ಷ ತುಂಬುವಷ್ಟರಲ್ಲಿ ಬಂದ ಘೋರವಾದ ಕ್ಷಾಮದಲ್ಲಿ ಆ ಹಳ್ಳಿಯ ಎಷ್ಟೋ ಮನೆಗಳು ಬರಿದಾದುವು. ತಂದೆಯ ತಂದೆಯನ್ನು, ಬಿತ್ತನೆಯ ಗುರಿಯನ್ನು ಮುಟ್ಟಲಿಲ್ಲವೆಂಬ ಅಪರಾಧಕ್ಕಾಗಿ, ಸೈಬೀರಿಯಕ್ಕೆ ಮರ ಕಡಿಯಲು ಅಟ್ಟಿದರು. ತಾಯಿಯ ತಂದೆ ಪಂತೆಲೆಯ್ ಗೊಪ್ಕಾಲೊ ಕಮ್ಯುನಿಸ್ಟ್ ಪಕ್ಷವನ್ನು ಮನಸಾರೆ ನಂಬಿದ್ದವನು, ಸಾಮೂಹಿಕ ಜಮೀನಿನ ಮುಖ್ಯಸ್ಥನಾಗಿದ್ದವನು. 1937ರಲ್ಲಿ ಅವನನ್ನೂ ಒಂದು ರಾತ್ರಿ ಹಿಡಿದುಕೊಂಡು ಹೋಗಿ, ದ್ರೋಹಿಯೆಂದು ಒಪ್ಪಿಕೊಳ್ಳುವಂತೆ ಚಿತ್ರಹಿಂಸೆ ಕೊಟ್ಟರು. ಆ ಮನೆಗೆ ಸೋಂಕು ತಗುಲಿದೆಯೋ ಎಂಬಂತೆ ನೆರೆಹೊರೆಯವರು ಹೆಜ್ಜೆಯಿಡುವುದನ್ನು ಬಿಟ್ಟರು; ಜತೆಯ ಮಕ್ಕಳೂ ದೂರವಾದರು. ವರ್ಷದ ಮೇಲೆ ಕೆಲವು ತಿಂಗಳು ಕಳೆದು ಅಜ್ಜ ಬದುಕಿ ಬಂದ. ಬಂದ ದಿನ, ಮನೆಯ ಮಂದಿಯನ್ನೆಲ್ಲ ಮೇಜಿನ ಸುತ್ತ ಕುಳ್ಳಿರಿಸಿಕೊಂಡು, ತನಗೆ ಏನೇನು ಮಾಡಿದರೆಂಬುದನ್ನು ಒಂದು ಸಲ ಹೇಳಿದ. ಆಮೇಲೆ ಸಾಯುವವರೆಗೆ ಅದರ ಸುದ್ದಿ ಎತ್ತಲಿಲ್ಲ. ಮನೆಯವರೂ ಕೇಳಲಿಲ್ಲ.

ಒಂದೇ ಒಂದು ಬಾರಿ ಆಡಿ, ಬಳಿಕ ಬಾಯಿಗೆ ಬೀಗ ಹಾಕಿಕೊಂಡ ಆ ಅಜ್ಜನ ಮೌನ ಅವನೊಬ್ಬನದಾಗಿರಲಿಲ್ಲ. ಕೋಟ್ಯಂತರ ಮನೆಗಳು ಇಂಥ ಒಂದೊಂದು ಮೌನವನ್ನು ಹೊಟ್ಟೆಯಲ್ಲಿಟ್ಟುಕೊಂಡು, ಹೊರಗೆ ಮೆರವಣಿಗೆಗಳಲ್ಲಿ ಜಯಕಾರ ಹಾಕುತ್ತ ಬದುಕಿದ್ದುವು. ಆ ಮೊಮ್ಮಗನೂ ಹಾಗೆಯೆ ಬದುಕಿದ. 1948ರ ಸುಗ್ಗಿಯಲ್ಲಿ ತಂದೆಯೊಡನೆ ಹಗಲಿರುಳೂ ಕೊಯ್ಲುಯಂತ್ರ ನಡೆಸಿ ದುಡಿದುದಕ್ಕಾಗಿ ಶ್ರಮದ ಕೆಂಪು ಬಾವುಟದ ಪದಕ ಪಡೆದು, ಅದರ ಬಲದಿಂದ ಮಾಸ್ಕೋ ವಿಶ್ವವಿದ್ಯಾನಿಲಯ ಸೇರಿ, ಪಕ್ಷದ ಏಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿ, 1985ರ ಮಾರ್ಚಿ 11ರಂದು, ಐವತ್ತನಾಲ್ಕರ ವಯಸ್ಸಿನಲ್ಲಿ, ಪಕ್ಷದ ಮಹಾಕಾರ್ಯದರ್ಶಿಯಾದ. ಒಬ್ಬರಾದ ಮೇಲೊಬ್ಬರಂತೆ ಮೂವರು ವೃದ್ಧ ನಾಯಕರನ್ನು ಮೂರು ವರ್ಷಗಳೊಳಗೆ ಮಣ್ಣುಮಾಡಿದ್ದ ದೇಶಕ್ಕೆ, ಕಾಗದ ನೋಡದೆ ಮಾತಾಡುವ, ಬೀದಿಯಲ್ಲಿಳಿದು ಜನರ ನಡುವೆ ನಿಲ್ಲುವ ಆ ನಾಯಕ ಹೊಸಗಾಳಿಯಂತೆ ತೋರಿದನು.

ಗೋರ್ಕಿಯ ದೂರವಾಣಿ

ಅವರು ಮಾಡಿದ ಸುಧಾರಣೆ ಎಂಥದೆಂಬುದನ್ನು ತಿಳಿಯಲು ಶಾಸನಗಳ ಪಟ್ಟಿಗಿಂತ ಒಂದು ದೂರವಾಣಿ ಕರೆ ಹೆಚ್ಚು ನೆರವಾದೀತು. ಸೋವಿಯತ್ ಜಲಜನಕ ಬಾಂಬಿನ ನಿರ್ಮಾಪಕರಲ್ಲಿ ಪ್ರಮುಖರಾಗಿದ್ದು, ಆಮೇಲೆ ಮಾನವಹಕ್ಕುಗಳಿಗಾಗಿ ದನಿಯೆತ್ತಿ, ಅಫ್ಘಾನಿಸ್ತಾನದ ಯುದ್ಧವನ್ನು ಖಂಡಿಸಿದ ಆಂದ್ರೆಯ್ ಸಖಾರೋವರನ್ನು 1980ರಿಂದ ಗೋರ್ಕಿ ಎಂಬ ಊರಿನಲ್ಲಿ ಕಾವಲಿನೊಳಗೆ ಇರಿಸಿದ್ದರು. ಮನೆಯಲ್ಲಿ ದೂರವಾಣಿ ಇರಲಿಲ್ಲ. 1986ರ ಡಿಸೆಂಬರಿನ ಒಂದು ರಾತ್ರಿ, ಕರೆಯದೆಯೆ ಕೆಲಸಗಾರರು ಬಂದು ಯಂತ್ರ ಜೋಡಿಸಿ ಹೋದರು. ಮರುದಿನ ಮಧ್ಯಾಹ್ನ ಗಂಟೆ ಬಾರಿಸಿತು, ಮಾತಾಡಿದವರು ಗೊರ್ಬಚೇವರು. ನೀವು ಮಾಸ್ಕೋವಿಗೆ ಮರಳಿ ನಿಮ್ಮ ಕೆಲಸ ಮುಂದುವರಿಸಬಹುದು ಎಂದರು. ಸುಮಾರು ಏಳು ವರ್ಷಗಳ ಗಡಿಪಾರು ಮುಗಿದ ಆ ಗಳಿಗೆಯಲ್ಲಿ ಸಖಾರೋವರು ಉಪಕಾರ ಸ್ಮರಿಸಿ ಸುಮ್ಮನಾಗಲಿಲ್ಲ. ಧನ್ಯವಾದ ಹೇಳಿದವರೇ, ಕೆಲವು ದಿನಗಳ ಹಿಂದೆಯಷ್ಟೆ ಸೆರೆಮನೆಯಲ್ಲಿ ಸತ್ತ ತಮ್ಮ ಮಿತ್ರ ಅನತೋಲಿ ಮಾರ್ಚೆಂಕೋವಿನ ಹೆಸರೆತ್ತಿ, ಅಭಿಪ್ರಾಯಗಳಿಗಾಗಿ ಸೆರೆಯಲ್ಲಿರುವ ಉಳಿದವರನ್ನೂ ಬಿಡಬೇಕೆಂದು ಒತ್ತಾಯಿಸಿದರು.

ಈ ಪ್ರಸಂಗದಲ್ಲಿ ಆ ಯುಗದ ಸಾರವಿದೆ. ಮಾತಿನ ಬಾಗಿಲನ್ನು ತೆರೆದವನಿಗೆ ಮೊತ್ತಮೊದಲು ಕೇಳಿಸಿದುದು ಪ್ರಶಂಸೆಯಲ್ಲ, ಆಕ್ಷೇಪಣೆ. ಅಲ್ಲಿಂದ ಮುಂದೆ ಆ ಬಾಗಿಲು ಅಗಲವಾಗುತ್ತ ಹೋಯಿತು. ಪಾಸ್ತರ್ನಾಕರ ಡಾಕ್ಟರ್ ಜಿವಾಗೊ 1988ರಲ್ಲಿ, ಸೊಲ್ಝೆನಿತ್ಸಿನರ ಗುಲಾಗ್ ದ್ವೀಪಸ್ತೋಮ 1989ರಲ್ಲಿ, ಅದುವರೆಗೆ ಅವುಗಳನ್ನು ನಿಷೇಧಿಸಿದ್ದ ದೇಶದಲ್ಲಿಯೆ ಅಚ್ಚಾದುವು. ಸ್ಟಾಲಿನ್ ಯುಗದಲ್ಲಿ ಸತ್ತವರ ಹೆಸರುಗಳನ್ನು ಒಂದೊಂದಾಗಿ ಹುಡುಕಿ ದಾಖಲಿಸುವ ಮೆಮೋರಿಯಲ್ ಎಂಬ ಸಂಸ್ಥೆ ಹುಟ್ಟಿತು. 1989ರ ವಸಂತದಲ್ಲಿ ಜನರು ನಿಜವಾದ ಸ್ಪರ್ಧೆಯಿದ್ದ ಚುನಾವಣೆಯಲ್ಲಿ ಮತವಿತ್ತು ಜನಪ್ರತಿನಿಧಿಗಳ ಮಹಾಸಭೆಗೆ ಸದಸ್ಯರನ್ನು ಕಳುಹಿಸಿದರು; ಅಲ್ಲಿ ನಡೆದ ವಾಗ್ವಾದಗಳನ್ನು ದೂರದರ್ಶನ ನೇರವಾಗಿ ಬಿತ್ತರಿಸಿತು. ಅದೇ ಸಭೆಯಲ್ಲಿ ಸಖಾರೋವರು ಗೊರ್ಬಚೇವರೊಡನೆ ಎದುರೆದುರು ನಿಂತು ವಾದಿಸಿದರು. ಗೊರ್ಬಚೇವರು ಬೇಸರಗೊಂಡು ಅವರ ಮಾತನ್ನು ತಡೆದುದೂ ಉಂಟು. ಆ ವರ್ಷದ ಕೊನೆಯಲ್ಲಿ ಸಖಾರೋವರು ತೀರಿಕೊಂಡಾಗ ಅವರ ಶವಪೆಟ್ಟಿಗೆಯ ಬಳಿ ಬಂದು ತಲೆಬಾಗಿದವರಲ್ಲಿ ಗೊರ್ಬಚೇವರೂ ಒಬ್ಬರು. 1990ರ ಪತ್ರಿಕಾ ಶಾಸನ ಮುದ್ರಣಪೂರ್ವ ತಪಾಸಣೆಯನ್ನು ರದ್ದುಗೊಳಿಸಿತು.

ಬರಿದಾದ ಅಂಗಡಿ

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅದು ಚರಿತ್ರೆಯಾಗಲಾರದು, ಸ್ತೋತ್ರವಾದೀತು. ಮಾತಿನ ಕಣಜ ತುಂಬಿದ ಕಾಲದಲ್ಲಿಯೆ ಅನ್ನದ ಕಣಜ ಬರಿದಾಯಿತೆಂಬುದು ರಷ್ಯದ ಸಾಮಾನ್ಯ ಸಂಸಾರಿಯ ದೂರು. ಆ ದೂರು ಸುಳ್ಳಲ್ಲ. ಅಧಿಕಾರಕ್ಕೆ ಬಂದ ಎರಡೇ ತಿಂಗಳಲ್ಲಿ, 1985ರ ಮೇ ತಿಂಗಳಲ್ಲಿ, ಗೊರ್ಬಚೇವರು ಕುಡಿತದ ವಿರುದ್ಧ ಕಟ್ಟುನಿಟ್ಟಿನ ಕ್ರಮ ಆರಂಭಿಸಿದರು. ಉದ್ದೇಶ ಒಳ್ಳೆಯದು, ಕೆಲವು ಕಾಲ ಸಾವುಗಳೂ ಕಡಮೆಯಾದುವು. ಆದರೆ ಮೊಲ್ಡಾವಿಯ, ಜಾರ್ಜಿಯ, ಕ್ರಿಮಿಯ ಪ್ರದೇಶಗಳಲ್ಲಿ ತಲೆಮಾರುಗಳಿಂದ ಬೆಳೆಸಿದ ದ್ರಾಕ್ಷಿಯ ತೋಟಗಳನ್ನು ಅಧಿಕಾರಿಗಳು ಬೇರುಸಹಿತ ಕೀಳಿಸಿದರು. ಮನೆಮನೆಯಲ್ಲಿ ಕಳ್ಳಬಟ್ಟಿ ಹೊತ್ತಿಕೊಂಡು, ಅಂಗಡಿಗಳಲ್ಲಿ ಸಕ್ಕರೆ ಮಾಯವಾಯಿತು. ಮದ್ಯದ ತೆರಿಗೆಯನ್ನೆ ನೆಚ್ಚಿಕೊಂಡಿದ್ದ ಬೊಕ್ಕಸ ಸೊರಗಿತು. ಅದೇ ಹೊತ್ತಿಗೆ ಪೇಟೆಯಲ್ಲಿ ತೈಲದ ಬೆಲೆ ಕುಸಿದು ದೇಶದ ವಿದೇಶೀ ಆದಾಯಕ್ಕೆ ಪೆಟ್ಟುಬಿದ್ದಿತು. 1986ರ ಏಪ್ರಿಲ್ 26ರಂದು ಚೆರ್ನೊಬಿಲ್ ಸ್ಥಾವರ ಸ್ಫೋಟಗೊಂಡಾಗ, ದನಿಗೊಡುವುದಾಗಿ ಮಾತುಕೊಟ್ಟಿದ್ದ ನಾಯಕ ದೂರದರ್ಶನದಲ್ಲಿ ಜನರೆದುರು ಬಂದುದು ಹದಿನೆಂಟು ದಿನಗಳ ಮೇಲೆ, ಮೇ 14ರಂದು.

ಆರ್ಥಿಕ ಸುಧಾರಣೆಯಲ್ಲಿ ಅವರು ಹಳೆಯ ಮನೆಯ ತೊಲೆಗಳನ್ನು ಸಡಿಲಿಸಿದರು, ಹೊಸ ಮನೆಗೆ ಕಂಬ ನೆಡಲಿಲ್ಲ. ಕಾರ್ಖಾನೆಗಳಿಗೆ ಸ್ವಾತಂತ್ರ್ಯ ಕೊಟ್ಟು, ಬೆಲೆಗಳನ್ನು ಮಾತ್ರ ಸರಕಾರದ ಹಿಡಿತದಲ್ಲಿಯೆ ಉಳಿಸಿದರು; 1990ರಲ್ಲಿ ಐನೂರು ದಿನಗಳೊಳಗೆ ಮಾರುಕಟ್ಟೆಯ ವ್ಯವಸ್ಥೆಗೆ ಸಾಗುವ ಯೋಜನೆಯನ್ನು ಮೊದಲು ಮೆಚ್ಚಿ, ಬಳಿಕ ಹಿಂದೆಗೆದರು. ಸಕ್ಕರೆಗೆ ಚೀಟಿ, ಸಾಬೂನಿಗೆ ಚೀಟಿ, ಬೆಣ್ಣೆಗೆ ಚೀಟಿ, ಚೀಟಿಯಿದ್ದರೂ ಸರಕಿಲ್ಲ. ಮುಂಜಾನೆಯ ಚಳಿಯಲ್ಲಿ ಸರದಿ ನಿಂತು ಬರಿಗೈಯಲ್ಲಿ ಮರಳಿದ ಮುದುಕಿಗೆ ನಿನಗೆ ಸ್ವಾತಂತ್ರ್ಯ ಬಂದಿದೆಯೆಂದು ಯಾವ ಬಾಯಿಂದ ಹೇಳುವುದು? ಜನರ ಉಳಿತಾಯವನ್ನೆಲ್ಲ ನುಂಗಿದ ಬೆಲೆಯೇರಿಕೆಯ ಮಹಾಪೂರ ಬಂದುದು 1992ರಲ್ಲಿ, ರಷ್ಯದ ಅಧ್ಯಕ್ಷ ಯೆಲ್ತ್ಸಿನರ ಕಾಲದಲ್ಲಿ ಎಂಬುದು ದಿಟ. ಆದರೆ ಹಸಿದವರು ಇಸವಿಗಳನ್ನು ನೋಡಿ ದೂರು ಹೊರಿಸುವುದಿಲ್ಲ. ಕಟ್ಟೆ ಒಡೆಯಲು ಮೊದಲ ಗುದ್ದಲಿ ಹಾಕಿದವನು ಯಾರೆಂದು ಕೇಳುತ್ತಾರೆ. 1996ರ ಅಧ್ಯಕ್ಷ ಚುನಾವಣೆಗೆ ಗೊರ್ಬಚೇವರು ನಿಂತಾಗ ನೂರಕ್ಕೆ ಒಂದು ಮತವೂ ಅವರಿಗೆ ಬರಲಿಲ್ಲ.

ಅದಾದ ಮರುವರ್ಷ, ತಮ್ಮ ಪ್ರತಿಷ್ಠಾನಕ್ಕೆ ಹಣ ಕೂಡಿಸಲೆಂದು, ಅವರು ಪಿಜ್ಜಾ ಹಟ್ ಎಂಬ ಅಮೆರಿಕದ ಸಂಸ್ಥೆಯ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಕೆಂಪು ಚೌಕದ ಬಳಿಯ ಉಪಾಹಾರ ಗೃಹಕ್ಕೆ ಅವರು ಮೊಮ್ಮಗಳ ಕೈಹಿಡಿದು ಬರುತ್ತಾರೆ. ಪಕ್ಕದ ಮೇಜಿನ ಸಂಸಾರ ಗುರುತು ಹಿಡಿಯುತ್ತದೆ. ಇವನಿಂದಲೆ ಆರ್ಥಿಕ ಗೊಂದಲವೆಂದು ಹಿರಿಯ ಗಂಡಸು ಮುಖ ಗಂಟಿಕ್ಕುತ್ತಾನೆ. ಇವರಿಂದಲೆ ನಮಗೆ ಅವಕಾಶ ಬಂದಿತೆಂದು ಕಿರಿಯವನು ಉತ್ತರಿಸುತ್ತಾನೆ. ಅಸ್ಥಿರತೆಯೆಂದು ಒಬ್ಬ, ಸ್ವಾತಂತ್ರ್ಯವೆಂದು ಇನ್ನೊಬ್ಬ. ಆ ಜಾಹೀರಾತನ್ನು ನೋಡಿ ಅನೇಕರು ನೊಂದುಕೊಂಡರು. ನನಗೂ ಮೊದಲು ಹಾಗೆಯೆ ಅನಿಸಿದುದುಂಟು. ಆದರೆ ತನ್ನನ್ನು ಕುರಿತ ಆರೋಪವನ್ನು ತಾನಿರುವ ಕೋಣೆಯಲ್ಲಿಯೆ, ತನ್ನ ಮೊಮ್ಮಗಳ ಮುಂದೆಯೆ, ಗಟ್ಟಿಯಾಗಿ ಆಡಲು ಒಪ್ಪಿಕೊಂಡ ಇನ್ನೊಬ್ಬ ಸೋವಿಯತ್ ನಾಯಕನನ್ನು ನಾನು ಕಾಣೆ.

ಗುಂಡು ಹಾರದ ರಾತ್ರಿ, ಹಾರಿದ ರಾತ್ರಿ

ಜರ್ಮನಿಯ ಬಳ್ಳ ಬೇರೆ. 1953ರಲ್ಲಿ ಬರ್ಲಿನ್ನಿನಲ್ಲಿ, 1956ರಲ್ಲಿ ಬುಡಾಪೆಸ್ಟಿನಲ್ಲಿ, 1968ರಲ್ಲಿ ಪ್ರಾಗಿನಲ್ಲಿ ಸೋವಿಯತ್ ಟ್ಯಾಂಕುಗಳು ಬೀದಿಗಿಳಿದಿದ್ದುವು. 1989ರ ಶರತ್ಕಾಲದಲ್ಲಿ ಪೂರ್ವ ಜರ್ಮನಿಯ ಜನ ಲೈಪ್‌ಜಿಗ್ ನಗರದಲ್ಲಿ ಮೇಣದಬತ್ತಿ ಹಿಡಿದು ಹೊರಟಾಗಲೂ, ನವೆಂಬರ್ 9ರ ರಾತ್ರಿ ಬರ್ಲಿನ್ ಗೋಡೆಯ ಬಾಗಿಲುಗಳು ತೆರೆದಾಗಲೂ, ಆ ದೇಶದಲ್ಲಿ ಬೀಡುಬಿಟ್ಟಿದ್ದ ಮೂರು ಲಕ್ಷಕ್ಕೂ ಮಿಕ್ಕ ಸೋವಿಯತ್ ಸೈನಿಕರು ತಮ್ಮ ಪಾಳೆಯಗಳಿಂದ ಹೊರಬರಲಿಲ್ಲ. ಆಜ್ಞೆ ಬರಲಿಲ್ಲ, ಬರಬಹುದಾಗಿದ್ದ ಆಜ್ಞೆಯನ್ನು ಒಬ್ಬ ಮನುಷ್ಯ ಕೊಡಲಿಲ್ಲ. ಮಾಡಿದುದನ್ನು ಬರೆದಿಡುವ ಚರಿತ್ರೆಗೆ ಮಾಡದೆ ಬಿಟ್ಟುದನ್ನು ಬರೆದಿಡುವ ಅಭ್ಯಾಸ ಕಡಮೆ. ಆ ರಾತ್ರಿ ಮನೆಗೆ ಜೀವಂತವಾಗಿ ಹಿಂದಿರುಗಿದವರು ಮಾತ್ರ ಅದನ್ನು ಬಲ್ಲರು. ಅದೇ ವರ್ಷದ ಫೆಬ್ರವರಿ 15ರಂದು, ಸುಮಾರು ಹದಿನೈದು ಸಾವಿರ ಸೋವಿಯತ್ ಯೋಧರನ್ನೂ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಅಫ್ಘನ್ನರನ್ನೂ ಬಲಿತೆಗೆದುಕೊಂಡ ಯುದ್ಧವನ್ನು ಮುಗಿಸಿ, ಕೊನೆಯ ಸೇನಾಪತಿ ಆಮೂ ದರಿಯಾ ನದಿಯ ಸೇತುವೆಯನ್ನು ದಾಟಿ ಬಂದಿದ್ದನು. 1987ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ನರೊಡನೆ ಮಾಡಿಕೊಂಡ ಒಪ್ಪಂದದಂತೆ ಎರಡು ಸಾವಿರದ ಆರುನೂರಕ್ಕೂ ಹೆಚ್ಚು ಕ್ಷಿಪಣಿಗಳು ನಾಶವಾದುವು. 1990ರ ನೊಬೆಲ್ ಶಾಂತಿ ಪುರಸ್ಕಾರ ಅವರನ್ನು ಅರಸಿ ಬಂದುದು ಅನ್ಯಾಯವಾಗಿ ಅಲ್ಲ.

ಆದರೆ ದಿಲ್ಲಿಯ ಸಹಿಯ ಪರೀಕ್ಷೆ ಹೊರನಾಡುಗಳಲ್ಲಿ ಮುಗಿಯಲಿಲ್ಲ. ಒಕ್ಕೂಟದ ಒಳಗೂ ನಡೆಯಿತು, ಅಲ್ಲಿ ಅವರು ತೇರ್ಗಡೆಯಾಗಲಿಲ್ಲ. 1989ರ ಏಪ್ರಿಲ್ 9ರಂದು ಜಾರ್ಜಿಯದ ತಿಬಿಲಿಸಿಯಲ್ಲಿ ಸೈನಿಕರು ಸತ್ಯಾಗ್ರಹಿಗಳ ಮೇಲೆ ಬಿದ್ದು ಸುಮಾರು ಇಪ್ಪತ್ತು ಜನರನ್ನು ಕೊಂದರು. ಸತ್ತವರಲ್ಲಿ ಬಹುಪಾಲು ಹೆಂಗಸರು. 1990ರ ಜನವರಿಯಲ್ಲಿ ಬಾಕು ನಗರದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 1991ರ ಜನವರಿ 13ರ ನಡುರಾತ್ರಿ, ಸ್ವಾತಂತ್ರ್ಯ ಸಾರಿದ್ದ ಲಿಥುವೇನಿಯದ ರಾಜಧಾನಿ ವಿಲ್ನಿಯಸ್ಸಿನಲ್ಲಿ, ದೂರದರ್ಶನದ ಗೋಪುರವನ್ನು ಕೈಕೈ ಹಿಡಿದು ಸುತ್ತುವರಿದು ನಿಂತಿದ್ದ ನಿರಾಯುಧರ ನಡುವೆ ಟ್ಯಾಂಕುಗಳು ನುಗ್ಗಿದುವು. ಹದಿನಾಲ್ಕು ಮಂದಿ ಪ್ರಾಣಕೊಟ್ಟರು; ಅವರಲ್ಲೊಬ್ಬಳು ಇಪ್ಪತ್ತಮೂರರ ತರುಣಿ. ತಾವು ಆಜ್ಞೆ ಕೊಡಲಿಲ್ಲ, ತಮಗೆ ತಿಳಿದುದು ಆಮೇಲೆ ಎಂದು ಗೊರ್ಬಚೇವರು ಕೊನೆಯವರೆಗೂ ಹೇಳಿದರು. ಹಾಗಿದ್ದರೆ ಆಜ್ಞೆ ಕೊಟ್ಟವರನ್ನು ಅವರು ಏಕೆ ದಂಡಿಸಲಿಲ್ಲ? ಈ ಪ್ರಶ್ನೆಗೆ ಅವರ ಉತ್ತರದಲ್ಲಿ ಸಮಾಧಾನವಿಲ್ಲ. ಸತ್ತವರ ಮಕ್ಕಳೂ ಬಂಧುಗಳೂ 2022ರ ಜನವರಿಯಲ್ಲಿ, ಅವರಿನ್ನೂ ಬದುಕಿದ್ದಾಗಲೆ, ವಿಲ್ನಿಯಸ್ಸಿನ ನ್ಯಾಯಾಲಯದಲ್ಲಿ ಅವರ ಮೇಲೆ ದಾವೆ ಹೂಡಿದರು. ಬರ್ಲಿನ್ನಿನಲ್ಲಿ ಉಳಿದ ಜೀವಗಳನ್ನು ತಕ್ಕಡಿಯ ಒಂದು ತಟ್ಟೆಗೆ ಹಾಕಿ, ವಿಲ್ನಿಯಸ್ಸಿನಲ್ಲಿ ಹೋದ ಜೀವಗಳನ್ನು ಅದರಿಂದ ಸರಿದೂಗಿಸುವ ಗಣಿತ ನ್ಯಾಯದ ಗಣಿತವಲ್ಲ. ಲಿಥುವೇನಿಯದ ಬಳ್ಳವನ್ನು ಸುಳ್ಳು ಬಳ್ಳವೆನ್ನಲು ಹೊರಗಿನವರಿಗೆ ಅಧಿಕಾರವಿಲ್ಲ.

ಎರವಲು ಲೇಖನಿ

ಮಾಸ್ಕೋವಿನ ಇಂದಿನ ಅಧಿಕಾರವರ್ಗ ಅವರ ಮೇಲೆ ಹೊರಿಸುವ ಮುಖ್ಯ ಅಪರಾಧ ಬೇರೊಂದು: ಮಹಾನ್ ರಾಷ್ಟ್ರವೊಂದನ್ನು ಕಳೆದರೆಂಬುದು. ಸೋವಿಯತ್ ಒಕ್ಕೂಟದ ಪತನವನ್ನು ಆ ಶತಮಾನದ ಮಹಾ ರಾಜಕೀಯ ವಿಪತ್ತೆಂದು ಪುಟಿನ್ 2005ರಲ್ಲಿಯೆ ಸಾರಿದ್ದರು. ಚೀನದ ಕಮ್ಯುನಿಸ್ಟ್ ಪಕ್ಷ ಅದೇ ಪತನವನ್ನು, ಪಕ್ಷದ ಹಿಡಿತ ಸಡಿಲಿಸಿದರೆ ಏನಾಗುವುದೆಂಬುದಕ್ಕೆ ನಿದರ್ಶನವಾಗಿ, ತನ್ನ ಕಾರ್ಯಕರ್ತರಿಗೆ ಬೋಧಿಸುತ್ತ ಬಂದಿದೆ. ಆದರೆ ಒಕ್ಕೂಟವನ್ನು ಒಡೆಯಬೇಕೆಂದು ಗೊರ್ಬಚೇವರು ಬಯಸಿದವರಲ್ಲ. ಅದನ್ನು ಉಳಿಸಲೆಂದೆ 1991ರ ಮಾರ್ಚಿ 17ರಂದು ಜನಮತಗಣನೆ ನಡೆಸಿದರು. ಆರು ಗಣರಾಜ್ಯಗಳು ಅದರಿಂದ ಹೊರಗುಳಿದುವು. ಮತವಿತ್ತವರಲ್ಲಿ ನೂರಕ್ಕೆ ಎಪ್ಪತ್ತಾರು ಮಂದಿ ನವೀಕೃತ ಒಕ್ಕೂಟ ಇರಲೆಂದರು. ಹೊಸ ಒಡಂಬಡಿಕೆಗೆ ಸಹಿಬೀಳಬೇಕಾದ ಹಿಂದಿನ ದಿನ, ಆಗಸ್ಟ್ 19ರಂದು, ಅವರೇ ನೇಮಿಸಿದ್ದ ಸಚಿವರೂ ಸೇನಾಧಿಪತಿಗಳೂ ಕ್ರಿಮಿಯದ ಫೋರೋಸಿನಲ್ಲಿ ಅವರನ್ನು ಕೂಡಿಹಾಕಿ ಕ್ಷಿಪ್ರಕ್ರಾಂತಿಗೆ ಕೈಹಾಕಿದರು. ಮೂರು ದಿನಗಳಲ್ಲಿ ಅದು ಮುರಿದುಬಿದ್ದಿತು. ಆದರೆ ಅದರೊಡನೆ ಒಕ್ಕೂಟದ ಬೆನ್ನೆಲುಬೂ ಮುರಿಯಿತು. ಡಿಸೆಂಬರ್ 8ರಂದು ರಷ್ಯ, ಉಕ್ರೇನ್, ಬೆಲೊರಷ್ಯಗಳ ನಾಯಕರು ಕಾಡಿನ ನಡುವಣ ಬಂಗಲೆಯೊಂದರಲ್ಲಿ ಸೇರಿ ಒಕ್ಕೂಟ ಇನ್ನಿಲ್ಲವೆಂದು ಬರೆದರು. ಉಳಿಸುವ ಹೆಸರಿನಲ್ಲಿ ಬಂದೂಕು ಹಿಡಿದವರೆ ಅದನ್ನು ಬೇಗ ಬೀಳಿಸಿದರೆಂಬುದನ್ನು ಇಂದು ಆರೋಪ ಹೊರಿಸುವವರು ಮರೆಯಬಾರದು.

ಡಿಸೆಂಬರ್ 25ರ ಸಂಜೆ, ಅಧಿಕಾರತ್ಯಾಗದ ಪತ್ರಕ್ಕೆ ರುಜು ಹಾಕಲು ಹೊರಟಾಗ ಗೊರ್ಬಚೇವರ ಲೇಖನಿ ಬರೆಯದೆ ಹೋಯಿತು. ಆ ಗಳಿಗೆಯನ್ನು ಚಿತ್ರಿಸಲು ಬಂದಿದ್ದ ಅಮೆರಿಕದ ದೂರದರ್ಶನ ಸಂಸ್ಥೆಯ ಮುಖ್ಯಸ್ಥ ಟಾಮ್ ಜಾನ್ಸನ್ ತನ್ನ ಜೇಬಿನ ಲೇಖನಿಯನ್ನು ಚಾಚಿದನು; ಅದರಿಂದ ಸಹಿಬಿದ್ದಿತು. ಸ್ವಲ್ಪ ಹೊತ್ತಿನಲ್ಲಿಯೆ ಕ್ರೆಮ್ಲಿನ್ನಿನ ಮೇಲಿಂದ ಕೆಂಪು ಬಾವುಟ ಇಳಿಯಿತು. ಅಣ್ವಸ್ತ್ರಗಳ ಕೀಲಿಕೈಯುಳ್ಳ ಒಡೆಯನೊಬ್ಬ ತನ್ನ ಪೀಠ ಉಳಿಸಿಕೊಳ್ಳಲು ಅಂತರ್ಯುದ್ಧ ಹೂಡದೆ, ಓವರ್‌ಕೋಟು ಧರಿಸಿ ಮನೆಗೆ ನಡೆದನು. ಸಾಮ್ರಾಜ್ಯಗಳು ಬೀಳುವಾಗ ಹರಿಯುವ ರಕ್ತದ ಮೊತ್ತವನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು.

ಕೊನೆಯ ವರ್ಷಗಳೂ ಸರಳವಾಗಿರಲಿಲ್ಲ. 1999ರಲ್ಲಿ ಪತ್ನಿ ರಾಯಿಸಾ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ತಾಯಿಯ ಕಡೆಯಿಂದ ಉಕ್ರೇನಿನ ರಕ್ತ ಹೊತ್ತಿದ್ದ ಅವರೇ 2014ರಲ್ಲಿ ಕ್ರಿಮಿಯ ರಷ್ಯದ ವಶವಾದುದನ್ನು ಸಮರ್ಥಿಸಿದರು. ಉಕ್ರೇನ್ ಅವರಿಗೆ ತನ್ನ ಗಡಿಯ ಬಾಗಿಲು ಮುಚ್ಚಿತು. ಸುಧಾರಕನೆನಿಸಿದ ಮನುಷ್ಯನೊಳಗೂ ಸಾಮ್ರಾಜ್ಯದ ಮಮತೆ ಎಷ್ಟು ಆಳಕ್ಕೆ ಬೇರುಬಿಟ್ಟಿರುವುದೆಂಬುದಕ್ಕೆ ಇದು ಸಾಕ್ಷಿ. 2022ರ ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ರಷ್ಯದ ಯುದ್ಧ ಆರಂಭವಾದ ಎರಡು ದಿನಗಳೊಳಗೆ, ಕಾದಾಟ ನಿಲ್ಲಲಿ, ಮಾತುಕತೆ ನಡೆಯಲಿ ಎಂದು ಅವರ ಪ್ರತಿಷ್ಠಾನ ಕರೆಕೊಟ್ಟಿತು. ಕೇಳುವವರಿರಲಿಲ್ಲ.

ಕೊನೆಯ ಅಳತೆ

ಹಾಗಾದರೆ ಯಾವ ಬಳ್ಳ ಸರಿ? ಅನ್ನದ ಬಳ್ಳದಿಂದ ಅಳೆದರೆ ಗೊರ್ಬಚೇವರು ಸೋತರು, ಇದನ್ನು ಒಪ್ಪಬೇಕು. ರಾಜ್ಯದ ಎಲ್ಲೆಯ ಬಳ್ಳದಿಂದ ಅಳೆದರೆ, ತಾವು ಕಾಪಾಡಬೇಕೆಂದಿದ್ದುದನ್ನೆ ಕಾಪಾಡಲಾರದೆ ಹೋದರು. ರಕ್ತದ ಬಳ್ಳದಿಂದ ಅಳೆದರೆ, ಅವರ ಹಿಂದಿನವರಾರೂ ತೋರದ ಸಂಯಮ ಒಂದೆಡೆ. ವಿಲ್ನಿಯಸ್, ಬಾಕು, ತಿಬಿಲಿಸಿಗಳ ಅಳಿಸಲಾಗದ ಕಲೆ ಇನ್ನೊಂದೆಡೆ. ಆದರೆ ಅವರು ತಾವಾಗಿ ಜನರ ಕೈಗಿತ್ತ ಬಳ್ಳವೊಂದುಂಟು. ಅಜ್ಜನ ಮೌನದ ಮನೆಯಲ್ಲಿ ಬೆಳೆದವನು ದೇಶಕ್ಕೆ ದನಿಗೊಟ್ಟನು. ಆ ದನಿ ಅವನನ್ನೆ ಬಯ್ದಿತು, ಸೋಲಿಸಿತು, ನ್ಯಾಯಾಲಯಕ್ಕೆ ಕರೆಯಿತು. ಅವನು ಅದರ ಕೊರಳನ್ನು ಹಿಚುಕಲಿಲ್ಲ. ಆಳಿದವನನ್ನು ಕುರಿತು ಆಳಿಸಿಕೊಂಡವರು ಅಂಜಿಕೆಯಿಲ್ಲದೆ ಜಗಳವಾಡಬಲ್ಲರೆ ಎಂಬುದೆ ಸುಧಾರಕನನ್ನು ಅಳೆಯುವ ಬಳ್ಳವೆಂದು ನಾನು ನಂಬುತ್ತೇನೆ. ಆ ಅಳತೆಯಲ್ಲಿ ಅವರದು ತುಂಬಿದ ಬಳ್ಳ. ಸ್ತುತಿ ಮಾತ್ರ ಕೇಳಿಬರುವ ನಾಯಕನ ಕಾಲದಲ್ಲಿ ಎಷ್ಟು ಬಾಯಿಗಳಿಗೆ ಬೀಗ ಬಿದ್ದಿತ್ತೆಂದು ಮೊದಲು ವಿಚಾರಿಸಬೇಕು. ಇದು ರಷ್ಯಕ್ಕೆ ಮಾತ್ರ ಹೇಳುವ ಮಾತಲ್ಲ, ತಮ್ಮ ನಾಯಕರ ಪ್ರತಿಮೆಗಳಿಗೆ ಹಾರ ಹಾಕುವ ಎಲ್ಲ ದೇಶಗಳ ಪ್ರಜೆಗಳೂ ಕೇಳಿಕೊಳ್ಳಬೇಕಾದ ಮಾತು.

ಆ ಶನಿವಾರ ಕಂಬಗಳ ಸಭಾಂಗಣದಿಂದ ಶವಪೆಟ್ಟಿಗೆ ಹೊರಟಾಗ, ಗೊರ್ಬಚೇವರ ಭಾವಚಿತ್ರವನ್ನು ಎದೆಗೆ ಹಿಡಿದು ಮುಂದೆ ನಡೆದವರು ದ್ಮಿತ್ರಿ ಮುರಾತೋವ್. ಅವರು ಆಗ ನೋವಯಾ ಗಜೆಟಾ ಎಂಬ ಪತ್ರಿಕೆಯ ಸಂಪಾದಕರಾಗಿದ್ದರು. 2021ರ ನೊಬೆಲ್ ಶಾಂತಿ ಪುರಸ್ಕಾರ ಪಡೆದವರಲ್ಲೊಬ್ಬರು. 1993ರಲ್ಲಿ ಆ ಪತ್ರಿಕೆ ಆರಂಭವಾದಾಗ ಅದರ ಮೊದಲ ಗಣಕಯಂತ್ರಗಳನ್ನು ಕೊಳ್ಳಲು ನೆರವಾದುದು ಗೊರ್ಬಚೇವರು ತಮ್ಮ ನೊಬೆಲ್ ಹಣದಿಂದ ಕೊಟ್ಟ ಪಾಲು. ಅವರ ಕಾಲದಲ್ಲಿ ಹುಟ್ಟಿದ ಮೆಮೋರಿಯಲ್ ಸಂಸ್ಥೆಯನ್ನು ಮುಚ್ಚಬೇಕೆಂದು ರಷ್ಯದ ಸರ್ವೋಚ್ಚ ನ್ಯಾಯಾಲಯ ಹಿಂದಿನ ಡಿಸೆಂಬರಿನಲ್ಲಿಯೆ ಆದೇಶವಿತ್ತಿದ್ದಿತು. ನೋವೊದೇವಿಚಿ ಶ್ಮಶಾನದಲ್ಲಿ ರಾಯಿಸಾ ಅವರ ಪಕ್ಕದಲ್ಲಿ ಗೊರ್ಬಚೇವರನ್ನು ಮಣ್ಣುಮಾಡಿದರು. ಎರಡು ದಿನ ಕಳೆದು, ಸೆಪ್ಟೆಂಬರ್ 5ರಂದು, ಮಾಸ್ಕೋವಿನ ನ್ಯಾಯಾಲಯವೊಂದು ನೋವಯಾ ಗಜೆಟಾದ ಮುದ್ರಣದ ಪರವಾನಗಿಯನ್ನು ರದ್ದುಗೊಳಿಸಿತು.